ಎಡಗಾಲಿನದು

ಎಸೆದವನು ನಾನೇ.
ಇಪ್ಪತ್ತೆರಡು ವರ್ಷವಾಯಿತು, ಈಗ ಹೇಳಿದರೆ
ಯಾರೂ ಪೊಲೀಸರನ್ನು ಕರೆಯುವುದಿಲ್ಲ.

ಕಾರವಾರದ ಬೀಚು, ಉತ್ಸವದ ಮೂರನೇ ರಾತ್ರಿ.
ಬೈತಖೋಲದಿಂದ ನಡೆದೇ ಬಂದಿದ್ದೆವು
ಟ್ರಾಲರಿನ ಹುಡುಗರು ಹನ್ನೊಂದು ಮಂದಿ,
ಎಷ್ಟು ಸಾಬೂನು ತಿಕ್ಕಿದರೂ ಕೈ ಬಂಗಡೆ ಬಂಗಡೆಯೇ.
ಸಿನಿಮಾ ಹಾಡಿನವಳು ಬರುತ್ತಾಳೆಂದು
ವಾರವಿಡೀ ರಿಕ್ಷಾದ ಮೈಕು ಕೂಗಿತ್ತು.
ಅವಳ ಕಾರು ಇನ್ನೂ ಅಂಕೋಲೆ ದಾಟಿಲ್ಲವಂತೆ;
ಅಲ್ಲಿಯವರೆಗೆ ಹೊತ್ತು ತುಂಬಲಿಕ್ಕೆ
ಹತ್ತಿಸಿದರು ಈ ನಾಲ್ವರನ್ನು.

ಕೋಡಿಬಾಗದವರು. ಕರಿ ಬನಿಯನ್ನು.
ಡ್ರಮ್ಮಿನ ಹೊಟ್ಟೆಯ ಮೇಲೆ ದೋಣಿಗೆ ಬಳಿಯುವ ಬಿಳಿ ಬಣ್ಣದಲ್ಲಿ
'ಖಾರೆಂ ಉದಕ' ಅಂತ ಹೆಸರು, ಉಪ್ಪುನೀರು.
ಮೊದಲ ಏಟಿಗೇ ಮುಂದಿನ ಸಾಲಿನ ಮಗು ಕಿವಿ ಮುಚ್ಚಿ ಅತ್ತಿತು,
ನಗರಸಭೆಯ ಸದಸ್ಯರೊಬ್ಬರು ಕುರ್ಚಿ ಹಿಂದಕ್ಕೆಳೆದುಕೊಂಡರು.
ಇಂಜಿನ್ನಿಗೆ ಮರಳು ಹೊಕ್ಕಂಥ ಸದ್ದು.
ನನಗೆ ಗೊತ್ತು, ಇಂಜಿನ್ನು ನನ್ನ ಕೆಲಸ.
ಕೆಟ್ಟದ್ದನ್ನು ಯಾರಾದರೂ
ಬೇಕೆಂದೇ ಹಾಗೆ ಓಡಿಸುತ್ತಾರೆಯೇ?

"ಇಳೀರೋ" ಅಂದ ಯಾರೋ. ಆಮೇಲೆ ಎಲ್ಲರೂ.
ಗುಂಪಿನಲ್ಲಿ ಬಾಯಿ ಬಿಡುವ ಸುಖ ನಿಮಗೂ ಗೊತ್ತು,
ಅಷ್ಟು ದೊಡ್ಡ ಗಂಟಲು, ಯಾರದೂ ಅಲ್ಲ.
ನೀರಿನ ಪ್ಯಾಕೆಟ್ಟು ಹಾರಿತು, ಶೇಂಗಾ ಸಿಪ್ಪೆಯ ಪೊಟ್ಟಣ,
ಅರ್ಧ ತಿಂದ ಗೋಬಿಯ ತಟ್ಟೆ.
ಹಾಡುವವನ ಮಾತು ನಡುಗಿತು. ಗಿಟಾರಿನವರು
ತಂತಮ್ಮ ತಂತಿ ನೋಡುತ್ತ ನಿಂತರು.
ಡ್ರಮ್ಮಿನ ಹಿಂದಿದ್ದವಳು
(ಹುಡುಗಿ ಅಂತ ಆಗಲೇ ಕಂಡದ್ದು)
ಒಂದು ಏಟೂ ತಪ್ಪಿಸಲಿಲ್ಲ.
ಸಿಟ್ಟು ಬಂದದ್ದು ಅದಕ್ಕೇ ಇರಬೇಕು.
ಬಗ್ಗಿದೆ. ಬಿಚ್ಚಿದೆ. ಬೀಸಿದೆ.

ಹಾಡುವವನಿಗೆ ಅಂತ ಎಸೆದದ್ದು, ಕಡಲ ಗಾಳಿ ತಿರುಗಿಸಿತು.
ಅವಳ ಹಿತ್ತಾಳೆ ತಟ್ಟೆಗೆ ಬಡಿಯಿತು,
ಅದೂ ತಾಳಕ್ಕೆ ಸರಿಯಾಗಿ,
ಬಡಿಯಲೇಬೇಕಾಗಿದ್ದ ಜಾಗದಲ್ಲಿ ಬಡಿದಂತೆ.
ಜನ ನಕ್ಕರು.
ಅವಳು ಕೋಲು ಕಂಕುಳಲ್ಲಿ ಸಿಕ್ಕಿಸಿಕೊಂಡು ಎದ್ದಳು,
ಚಪ್ಪಲಿ ಎತ್ತಿ, ಲೈಟಿಗೆ ಹಿಡಿದು,
ಗಿರಾಕಿ ಮೀನಿನ ಕಿವಿರು ನೋಡುವ ಹಾಗೆ ನೋಡಿ,
ಮೈಕಿನ ಹತ್ತಿರ ಬಂದಳು.

"ಹಿ ಕೊಣಾಚಿ?"

ಸಾವಿರಾರು ಜನರ ಬೀಚಿನಲ್ಲಿ
ಅಲೆಯದೊಂದೇ ಸದ್ದು.
"ಎಡಗಾಲಿನದು," ಅಂದಳು. "ಉಂಗುಷ್ಠ ಕಿತ್ತಿದೆ,
ಬಲೆಯ ನೀಲಿ ದಾರದಲ್ಲಿ ಹೊಲಿದಿದ್ದಾರೆ.
ನಮ್ಮನೆಯಲ್ಲೂ ಹೀಗೇ ಹೊಲಿಯೋದು."
ಆಮೇಲೆ, ಸ್ವಲ್ಪ ತಡೆದು,
"ಬಲಗಾಲಿನದೂ ಎಸೀರಿ. ನಮ್ಮಣ್ಣನಿಗೆ ಆಗ್ತದೆ."

ನನ್ನ ಕಾಲು ತಾನಾಗಿ ಮರಳೊಳಗೆ ಹೂತುಕೊಂಡಿತು.

ಜನ ಒಲಿದರು ಅಂತ ತಿಳಿಯಬೇಡಿ.
ಮತ್ತೆ ಕೂಗಿದರು. ಅವಳು ಮತ್ತೆ ಬಾರಿಸಿದಳು,
ಚಪ್ಪಲಿಯನ್ನು ಆ ತಟ್ಟೆಯ ಕಂಬಕ್ಕೇ ನೇತುಹಾಕಿ.
ಅರ್ಧ ಹಾಡಿಗೆ ಅಂಕೋಲೆಯ ಕಾರು ಬಂತು,
ಯಾರೋ ಮೈಕಿನ ವೈರು ಕಿತ್ತರು,
ಡ್ರಮ್ಮಿಗೆ ವೈರು ಬೇಡವಲ್ಲ,
ಅದು ಇನ್ನೂ ಸ್ವಲ್ಪ ಹೊತ್ತು ನಡೆಯಿತು.

ಬೈತಖೋಲದವರೆಗೆ ಒಂದೇ ಕಾಲಿನ ಸದ್ದು, ನನ್ನದು,
ಹಿಂದೆ ಹತ್ತು ಜನರ ನಗು.
ಸಿನಿಮಾದವಳು ಏನು ಹಾಡಿದಳೋ, ಒಂದೂ ನೆನಪಿಲ್ಲ.
ದುರ್ಗೇಕರರ ಮನೆಯ ಸುಲಕ್ಷಾ ಅಂತೆ, ಆಮೇಲೆ ತಿಳಿಯಿತು.
ಮಡಗಾವಿನಲ್ಲಿ ನರ್ಸು ಅನ್ನುತ್ತಾರೆ,
ವಾಸ್ಕೋದ ಹೋಟೆಲಿನಲ್ಲಿ ಬಾರಿಸುತ್ತಾಳೆ ಅನ್ನುತ್ತಾರೆ.
ಕೋಡಿಬಾಗದ ಕಡೆ ಹೋದರೆ ನಾನು
ಗಂಡಸರ ಕಾಲು ನೋಡುತ್ತೇನೆ.

ಬಲಗಾಲಿನದು ಇಂಜಿನ್ನು ಕೋಣೆಯಲ್ಲಿದೆ,
ಡೀಸೆಲ್ ಕ್ಯಾನು ಅಲುಗದಂತೆ ಅಡಿಗೆ ಕೊಟ್ಟಿದ್ದೇನೆ.
ಮೊನ್ನೆ ಝಾರ್ಖಂಡದ ಹೊಸ ಹುಡುಗ
ಅದನ್ನು ಎತ್ತಿ ಹಿಡಿದು ಕೇಳಿದ, ಇದರ ಜೋಡಿ ಎಲ್ಲಿ?

ಸಮುದ್ರಕ್ಕೆ ಬಿತ್ತು ಅಂದೆ.