ಎಡಕ್ಕೆ ಸರಿದ ಗಡಿಯಾರ

ಮೈನಸ್ ಮೂವತ್ತೊಂದು. ಉಲಾನ್‌ಬಾತರಿನಲ್ಲಿ ಬೆಳಗಿನ ಐದೂವರೆ.
ಟ್ರಾಲಿಬಸ್ಸಿನ ಕೊಂಬುಗಳನ್ನು ತಂತಿಗೆ ಸಿಕ್ಕಿಸಿ
ಸೀಟಿಗೆ ಬಂದು ಕೂತವಳೇ
ಉಣ್ಣೆಯಂಗಿಯ ಒಳಗಿಂದ ಫೋನು ತೆಗೆಯುತ್ತೇನೆ,
ಕಾವಿಗಿಟ್ಟ ಮೊಟ್ಟೆ ತೆಗೆದಂತೆ.
ಚಳಿ ತಾಗಿದರೆ ಸಾಕು, ನಲವತ್ತು ಪರ್ಸೆಂಟು ಸೊನ್ನೆಯಾಗಿ
ಕಣ್ಣು ಮುಚ್ಚಿಬಿಡುತ್ತದೆ, ಪಾಪ.

ಸೆಟ್ಟಿಂಗ್ಸ್. ಕೆಳಗೆ, ಇನ್ನೂ ಕೆಳಗೆ, ಕಟ್ಟಕಡೆಗೆ
ಸಾಫ್ಟ್‌ವೇರ್ ಅಪ್‌ಡೇಟ್. ಒತ್ತುತ್ತೇನೆ.
ಚುಕ್ಕಿಗಳ ಉಂಗುರ ತಿರುಗುತ್ತದೆ, ತಿರುಗುತ್ತದೆ,
ನಿಲ್ಲುತ್ತದೆ.
‘ನಿಮ್ಮ ಫೋನು ಹೊಚ್ಚಹೊಸತಾಗಿದೆ.’

ಸುಳ್ಳಿಗೂ ಒಂದು ಮಿತಿ ಬೇಡವೇ!
ಬೆನ್ನಿನ ಗಾಜು ಒಡೆದು ಟೇಪು ಸುತ್ತಿಸಿಕೊಂಡಿದೆ.
ಡಿಪೋದ ಗನ್‌ಜೋರಿಗನಿಗೆ ಬಂದು ತಿಂಗಳಾಯಿತು,
ಟಿಕೆಟ್ ತಪಾಸಣೆಯ ತ್ಸೆಂಡ್‌ಮಾಗೆ ಎರಡು ಸಲ ಬಂತು,
ಅವಳಿಗೆ ಬಂದದ್ದೇ ಗೊತ್ತಿಲ್ಲ.

ನನ್ನ ಹೆಸರು ದುಲಾಮ್‌ಸುರೆನ್.
ಅದರ ಹೊಟ್ಟೆಯಲ್ಲೊಂದು ಅಕ್ಷರವಿದೆ,
ಕವೆಗೋಲಿನಂತೆ ಮೇಲೆ ಕವಲೊಡೆದದ್ದು,
ಎರವಲು ತಂದ ಲಿಪಿಗೆ ನಮ್ಮ ನಾಲಗೆಗೆಂದೇ ಸೇರಿಸಿದ್ದು.
ಈ ಫೋನಿಗೆ ಅದು ಬಾರದು. ಅಲ್ಲೊಂದು ಚೌಕ ಬರೆಯುತ್ತದೆ,
ಖಾಲಿ ಚೌಕ.
ಬ್ಯಾಂಕಿನ ಮೆಸೇಜಿನಲ್ಲಿ, ಮಗನ ಶಾಲೆಯ ನೋಟಿಸಿನಲ್ಲಿ
ನಾನು ನಡುವೆ ತೂತು ಬಿದ್ದ ಹೆಂಗಸು.
ಮುಂದಿನ ಗಾಜಿನ ಹಿಮದ ಮೇಲೆ ಉಗುರಿನಿಂದ ಅದನ್ನು ಗೀರುತ್ತೇನೆ.
ಹೀಟರು ಬಿಸಿಯಾಗುವವರೆಗೆ ಇರುತ್ತದೆ.

ಸಂತೆಯಲ್ಲಿ, ಕಬ್ಬಿಣದ ಕಂಟೇನರಿನಲ್ಲಿ ಕೂತ ಚೊಯ್‌ಜಿಲ್
ಅದನ್ನು ತಿರುವಿ, ಮುರುವಿ, ಊದಿ, ಹೇಳಿದ:
‘ಅಕ್ಕಾ, ಇದು ಬುಸಾನಿನಿಂದ ಬಂದ ಸೆಕೆಂಡ್‌ಹ್ಯಾಂಡು.
ಅಲ್ಲಿನ ಕಂಪನಿಯ ಸಿಮ್ಮು ಕಂಡರಷ್ಟೇ ಬಾಯಿ ಬಿಡುವುದು.’
ಆಗ ತಿಳಿಯಿತು.
ಆನ್ ಮಾಡಿದಾಗಲೆಲ್ಲ ಕೊರಿಯನ್ನಿನಲ್ಲಿ ಏನೋ ಉಲಿಯುತ್ತಿತ್ತಲ್ಲ,
ನಾನೂ ಸುಮ್ಮನೆ ಹೂಂ ಅನ್ನುತ್ತಿದ್ದೆನಲ್ಲ,
ಅದು ತವರನ್ನು ಕೇಳುತ್ತಿತ್ತು.
ಕೊಟ್ಟ ಹೆಣ್ಣು.
ನಾನು ಗೂಗಲ್ಲನ್ನು ಕಾಯುತ್ತಿದ್ದೆ,
ಅದು ಅಣ್ಣನನ್ನು.

ಬಿಳಿ ತಿಂಗಳ ಹಬ್ಬಕ್ಕೆ ಇಂಚಾನಿನಿಂದ ನಾದಿನಿ ಉರ್ನಾ ಬಂದಳು.
ಚಾಕೊಲೇಟು ತಂದಳು, ಕಾಲುಚೀಲ ತಂದಳು,
ಪರ್ಸಿನ ಮೂಲೆಯಿಂದ ಉಗುರಿನಷ್ಟು ಹಳೇ ಸಿಮ್ಮೊಂದನ್ನೂ ತೆಗೆದಳು.
ಸೂಜಿ ಚುಚ್ಚಿ, ತಟ್ಟೆ ಎಳೆದು, ಇಟ್ಟು, ತಳ್ಳಿದೆ.
ಹೊತ್ತೇ ಆಗಲಿಲ್ಲ. ಟಿಣ್ ಎಂದಿತು.

ಎರಡು ಜಿಬಿ. ಈಗಲೇ. ನಂತರ.
ಆ ‘ನಂತರ’ದ ಮೇಲೆ ಹೆಬ್ಬೆರಳು ಯಾಕೋ ಒಂದು ಗಳಿಗೆ ನಿಂತಿತು,
ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದವರ ಕೈ ಹಾಗೆ.
ಇಷ್ಟು ಕಾದದ್ದು ಬಂದೇಬಿಟ್ಟರೆ
ಬೆಳಗಿನ ಐದೂವರೆಗೆ ನಾನೇನು ಮಾಡಲಿ?
ಒತ್ತಿದೆ.

ಒಲೆಗೆ ಕಲ್ಲಿದ್ದಲ ಉಂಡೆ. ಉಪ್ಪು ಹಾಕಿದ ಹಾಲುಚಹಾ.
ಹನ್ನೆರಡು ಪರ್ಸೆಂಟು. ಇಪ್ಪತ್ತೇಳು.
ಮೂವತ್ತೊಂದಕ್ಕೆ ನಿಂತದ್ದು ನಿಂತೇ ಇತ್ತು, ಹೊರಗಿನ ಚಳಿಯ ಲೆಕ್ಕವೇ ಇದಕ್ಕೂ.
ಗೇರಿನ ಆ ಬದಿಯಿಂದ ಅತ್ತೆ ಕಂಬಳಿ ಸರಿಸಿ ಕೇಳಿದಳು:
‘ಏನೇ, ಕುದುರೆ ಮರಿ ಹಾಕುತ್ತಿದೆಯಾ?’
‘ಹೂಂ ಅತ್ತೆ, ತಲೆ ಕಾಣಿಸಿದೆ.’
‘ಎಳೀಬೇಡ ಮತ್ತೆ,’ ಎಂದು ಮಗ್ಗುಲಾದಳು.
ನಾನು ಎಳೆಯಲಿಲ್ಲ.

ಎರಡು ಗಂಟೆಗೆ ಪರದೆ ಕಪ್ಪಾಯಿತು, ನನ್ನ ಮುಖ ತೋರಿಸಿತು,
ಮತ್ತೆ ಬೆಳಗಿತು. ಅದೇ ಕೊರಿಯನ್ ಉಲಿ.
ನಡುಗುವ ಬೆರಳಿನಲ್ಲಿ ನನ್ನ ಹೆಸರು ಹುಡುಕಿದೆ.

ಚೌಕ.
ಅದೇ ಚೌಕ. ಮೂಲೆಗಳು ಮಾತ್ರ
ಸ್ವಲ್ಪ ದುಂಡಗಾಗಿವೆ.

‘ಬಂತಂತೆ? ಏನು ಹೊಸತು?’ ಡಿಪೋದಲ್ಲಿ ಗನ್‌ಜೋರಿಗ್.
ತುಂಬ ಹೊತ್ತು ಯೋಚಿಸಿದೆ.
‘ಗಡಿಯಾರ ಬಲದಲ್ಲಿತ್ತು. ಎಡಕ್ಕೆ ಬಂದಿದೆ.’
‘ನನ್ನದೂ ಅಷ್ಟೇ,’ ಎಂದು ಕೈಗವಸು ತೊಟ್ಟುಕೊಂಡ.

ಕೊಂಬು ಸಿಕ್ಕಿಸಿದೆ. ಕಿಡಿ ಹಾರಿತು.
ಈಗಲೂ ಪ್ರತಿ ಸ್ಟಾಪಿನಲ್ಲಿ ಹೊತ್ತೆಷ್ಟೆಂದು ನೋಡಲು ಹೋಗುವ ಕಣ್ಣು
ಬಲಕ್ಕೇ ಹೋಗುತ್ತದೆ,
ಅಲ್ಲಿ ಬ್ಯಾಟರಿ ಇದೆ.