ಪಾರ್ಕಿಂಗಿನಲ್ಲಿ ಸಾಲಿನ್ಸರು

ಕುವೈತಿನಲ್ಲಿ ನಮ್ಮ ಭಾನುವಾರ ಶುಕ್ರವಾರ ಬರುತ್ತದೆ.
ತಮಿಳರು ಇಳಿದು ಮಲಯಾಳಿಗಳು ಏರುವ ನಡುವೆ
ನೆಲಮಾಳಿಗೆಯ ಒಂದು ಕೋಣೆ
ಎರಡು ಗಂಟೆ ಹೊತ್ತು ಕನ್ನಡವಾಗುತ್ತದೆ.

ಹನ್ನೊಂದು ಮಕ್ಕಳು. ಎಸಿಯ ಸದ್ದಿಗಿಂತ ಜೋರಾಗಿ ನಾನು.
ಇವತ್ತು ಬಿತ್ತುವವನ ಪಾಠ:
ಹಕ್ಕಿ ಹೆಕ್ಕಿದ ಬೀಜ, ಬಂಡೆಯ ಬೀಜ, ಮುಳ್ಳಿನೊಳಗಿನದು.
ನಥಾನ ಕೈ ಎತ್ತಿದ:
"ಟೀಚರ್, ನಮ್ಮ ಪಪ್ಪ ಯಾವ ನೆಲ?"

ಉತ್ತರಗಳಿದ್ದವು. ಬಲ್ಮಠದಲ್ಲಿ ಓದಿದವಳು ನಾನು,
ಸಭಾಪಿತೃಗಳ ಪತ್ರಿಕೆಯಲ್ಲಿ ನೂರಕ್ಕೆ ಎಪ್ಪತ್ತೊಂದು.
ಹೃದಯಕ್ಕೆ ಮುಸುಕು ಬಿದ್ದಿದೆ ಎಂದಿದ್ದರು ಒಬ್ಬರು.
ದೆವ್ವಗಳು ನಮಗಿಂತ ಮೊದಲೇ ಊರೂರು ಸುತ್ತಿ
ನಿಜದ ಹಾಗೇ ಕಾಣುವ ಕತೆ ಹಂಚಿ ಬಂದಿವೆ,
ಎಂದಿದ್ದರು ಇನ್ನೊಬ್ಬರು.
ಆಫ್ರಿಕದ ಕಡಲ ದಡದ ಮುದಿ ಬಿಷಪರು ಕೊನೆಗೆ:
ಕೊಡುವುದು ಅವನ ಚಿತ್ತ. ಇವನಿಗೆ ಯಾಕೆ, ಅವನಿಗೆ ಯಾಕಿಲ್ಲ,
ಅದರ ತಳ ಸಿಗದು.

ಎಂಟು ವರ್ಷದ ಅಂಗೈಗೆ ಇದರಲ್ಲಿ ಯಾವುದನ್ನು ಇಡಲಿ?

ನೆಲಮಟ್ಟದ ಕಿಂಡಿಯಲ್ಲಿ ಬಿಳಿ ಸನ್ನಿ ಕಾರಿನ ಒಂದು ಟೈರು.
ಜಯಾನಂದ ಸಾಲಿನ್ಸ್, ಶುವೈಖ್ ಬಂದರಿನ ಕ್ರೇನ್ ಇಲೆಕ್ಟ್ರಿಶಿಯನ್.
ಮಗನನ್ನೂ ಪಕ್ಕದ ಮನೆಯ ಮೂವರನ್ನೂ
ಹಬ್ಬವಿದ್ದರೆ ಅನ್ನದ ಹಂಡೆಯನ್ನೂ ತಂದಿಳಿಸುತ್ತಾರೆ.
ನಮ್ಮ ಮೈಕು ಗೊರಗೊರ ನಿಲ್ಲಿಸಿದ್ದು ಅವರ ಕೈ.
ಒಳಗೆ ಮಾತ್ರ ಬರುವುದಿಲ್ಲ.
ಒಮ್ಮೆ ಕೇಳಿದ್ದಕ್ಕೆ:
"ನಿಮಗೆಲ್ಲ ಏನೋ ಕೇಳಿಸ್ತದೆ ಮಾರಾಯ್ರೆ. ನನಗೆ ಕೇಳುವುದು ಫ್ಯಾನು.
ಕೇಳಿಸಿತು ಅಂತ ಸುಳ್ಳು ಹೇಳಲಾ?"

ಅಲೆಕ್ಸಾಂಡ್ರಿಯದವರೊಬ್ಬರ ಉಪಮೆ ನನಗಿಷ್ಟ:
ಬಿಸಿಲು ಒಂದೇ. ಮೇಣ ಕರಗುತ್ತದೆ, ಕೆಸರು ಕಲ್ಲಾಗುತ್ತದೆ.
ತಪ್ಪು ಬಿಸಿಲಿನದಲ್ಲ.
ಅದನ್ನೇ ಹೇಳಿದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.
ಮಗನೆದುರು ಅಪ್ಪನನ್ನು ಕೆಸರು ಅಂದಿದ್ದೆ.

ಹೊರಗೆ ಸೆಪ್ಟೆಂಬರಿನ ನಲವತ್ತಾರು ಡಿಗ್ರಿ.
ಗೇಟಿನ ಕಾವಲುಗಾರ ಬದವಿ, ಈಜಿಪ್ಟಿನವನು,
ಜಪಮಣಿ ಎಡಗೈಗೆ ದಾಟಿಸಿ
ಎಂದಿನಂತೆ ತಣ್ಣನೆ ನೀರಿನ ಬಾಟಲಿ ಚಾಚಿದ.
ಅವನ ಲೆಕ್ಕದಲ್ಲಿ ನಂಬದವಳು ನಾನು.
ನನ್ನ ಬಗ್ಗೆಯೂ ಒಂದು ವಿವರಣೆ ಅವನ ಬಳಿ ಇದ್ದೀತು,
ಕೇಳಲಿಲ್ಲ. ನೀರು ಕುಡಿದೆ.
ರೋಮಿನವರು ನಮ್ಮ ಹಿರಿಯರನ್ನೇ
ನಾಸ್ತಿಕರೆಂದು ಕೂಗಿ ಮೃಗಗಳಿಗೆ ಬಿಟ್ಟದ್ದೂ ಪಠ್ಯದಲ್ಲಿತ್ತು.
ಪರೀಕ್ಷೆಗೆ ಬರಲಿಲ್ಲ.

ಸಾಲಿನ್ಸರು ಡಿಕ್ಕಿ ತೆರೆದು ಕೂತಿದ್ದರು.
ಬೆಳೆಹಬ್ಬಕ್ಕೆಂದು ತಂದ ಮೇಣದಬತ್ತಿಯ ಡಬ್ಬಿ
ಒಳಗೇ ಕರಗಿ ಒಂದೇ ಮುದ್ದೆ.
ಕಳೆದ ವಾರ ಮಕ್ಕಳು ಮೆತ್ತಿ ಮಾಡಿ ಮರೆತ ಮಣ್ಣಿನ ಬಟ್ಟಲುಗಳು
ಅಲ್ಲೇ ಒಣಗಿ ಠಣಠಣ.
ಕಾಗದದ ಕೊಳವೆ ಸುತ್ತಿ
ಅದನ್ನು ಇದರೊಳಗೆ ಸುರಿಯುತ್ತಿದ್ದರು,
ಸಮವಸ್ತ್ರದ ಅಂಚಿನಿಂದ ಕಿತ್ತ ನೂಲೇ ಬತ್ತಿ.
"ಹಾಳು ಮಾಡುವುದು ಯಾಕೆ," ಎಂದರು. ಅಷ್ಟೆ.
ಅವರಿಗೆ ಅಲೆಕ್ಸಾಂಡ್ರಿಯ ಗೊತ್ತಿಲ್ಲ.

ಈಗಲೇ ಹಚ್ಚುವಂತಿಲ್ಲ, ಕಾಂಪೌಂಡಿನಲ್ಲಿ ಬೆಂಕಿ ನಿಷೇಧ.

ನಥಾನ ನನ್ನನ್ನು ನೋಡಿದ, ಬಟ್ಟಲುಗಳನ್ನು ನೋಡಿದ.
ನಾನು ಉಸಿರು ಹಿಡಿದೆ.
"ಇದರಲ್ಲಿ ನಂದು ಯಾವುದು?" ಅಂದ.

ಬಿರುಕು ಬಿಟ್ಟದ್ದು.
ಸೋರಿ ಪ್ಯಾಂಟಿನ ಮೇಲೆ ಬೀಳುತ್ತಿದ್ದದ್ದು.
ಸಾಲಿನ್ಸರು ಬಿರುಕಿಗೆ ಹೆಬ್ಬೆರಳು ಒತ್ತಿ
ಆರುವವರೆಗೆ ಕಾಯುತ್ತಿದ್ದರು, ಬಿಸಿಯಿದ್ದರೂ.