ಆರೇ ತಿಂಗಳು

ಮೂವತ್ತು ನಲವತ್ತರ ಸೈಟು, ಪೂರ್ವಕ್ಕೆ ಮುಖ,
ಬೋಗಾದಿ ದಾಟಿ ರಿಂಗ್ ರೋಡಿನಾಚೆ ಎರಡು ಕಿಲೋಮೀಟರು.
ಮೋಡವಿಲ್ಲದ ದಿನ ಬೆಟ್ಟ ಕಾಣುತ್ತೆ ಅಂತ
ತೋರುಬೆರಳಲ್ಲಿ ಬೆಟ್ಟವನ್ನೂ ಸೇರಿಸಿ ಮಾರುತ್ತಿದ್ದೆ.
ಸುಣ್ಣ ಬಳಿದ ಕಲ್ಲು, ಕಲ್ಲಿನ ಮೇಲೆ ನಂಬರು,
ಮ್ಯಾನ್‌ಹೋಲಿಗೆ ಹೊಚ್ಚ ಹೊಸ ಮುಚ್ಚಳ.
ಮುಚ್ಚಳದ ಕೆಳಗೆ ಗುಂಡಿ.
ಅಲ್ಲಿಂದ ಪೈಪು ಎಲ್ಲಿಗೂ ಹೊರಟಿರಲಿಲ್ಲ.

ನೀರು? ಅನ್ನೋರು.
ಆರೇ ತಿಂಗಳು.
ಒಳಚರಂಡಿ?
ಅದರ ಹಿಂದೆಯೇ ಬರುತ್ತೆ ಸಾರ್, ಆರೇ ತಿಂಗಳು.
ಖಾತೆ?
ಕಡತ ಮೇಜಿನ ಮೇಲಿದೆ. ಯಾರ ಮೇಜು ಅಂತ
ಯಾರೂ ಕೇಳಲಿಲ್ಲ, ನಾನೂ ಕೇಳಿರಲಿಲ್ಲ.

ಸುಳ್ಳು ಅಂತ ಆಗ ಅನ್ನಿಸಿರಲಿಲ್ಲ.
ಬಡಾವಣೆ ಮಾಡಿದವನು ನನಗೆ ಹೇಳಿದ್ದೂ ಅದನ್ನೇ,
ಆಫೀಸಿನವರು ಅವನಿಗೆ ಹೇಳಿದ್ದೂ ಅದನ್ನೇ.
ಕೈಯಿಂದ ಕೈಗೆ ದಾಟುವ ಹರಿದ ನೋಟು,
ನಾನೊಬ್ಬನೇ ಯಾಕೆ ಬೆಳಕಿಗೆ ಹಿಡಿದು ನೋಡಲಿ?

ಜಸಿಂತಾ ಟೀಚರು ಪಿ.ಎಫ್. ದುಡ್ಡಲ್ಲಿ
ಅರವತ್ತೆರಡನೇ ನಂಬರು ತಗೊಂಡರು. ಮನೆ ಎದ್ದಿತು.
ಬೇಡವೆಂದರೂ ಹಟ ಹಿಡಿದು ಮೇಸ್ತ್ರಿ
ಈಶಾನ್ಯಕ್ಕೇ ಸಂಪು ತೋಡಿದ.
ಆ ಸಂಪಿಗೆ ವಾಸ್ತು ಇತ್ತು, ನೀರಿರಲಿಲ್ಲ.

ಲೆಕ್ಕದ ಟೀಚರು.
ಸರಿಯಾಗಿ ಆರು ತಿಂಗಳಾದ ದಿನ ಅಂಗಡಿಗೆ ಬಂದರು.
ಬೈಯಲಿಲ್ಲ. ಮೇಜಿನ ಮೇಲೆ ಒಂದು ಬಾಟ್ಲಿ ಇಟ್ಟರು,
ಬೋರಿನ ನೀರು.
'ಇರಲಿ ನಿಮ್ಮ ಹತ್ರ.'
ಮತ್ತೆ ಆರು ತಿಂಗಳಿಗೆ ಇನ್ನೊಂದು.
ಗಣಪತಿ ಫೋಟೋದ ಕೆಳಗೆ ಈಗ ಐದು,
ಒಂದೊಂದರ ತಳದಲ್ಲೂ ಬಿಳಿ ಗಸಿ.
ಏನ್ರೀ ಇದು ಅಂತ ಕೇಳಿದ ಗಿರಾಕಿಗೆ
ತೀರ್ಥ ಅಂದೆ ಒಮ್ಮೆ.
ಅವನು ನಗಲಿಲ್ಲ.

ವಲಯ ಕಚೇರಿಗೆ ಹೊಸ ಇಂಜಿನಿಯರಮ್ಮ ಬಂದರು, ತೇಜಾವತಿ ಅಂತ.
ಬಂದ ತಿಂಗಳೇ ಕೌಂಟರಿನ ಪಕ್ಕದ ಗೋಡೆಗೆ
ಊರಿನ ಕೆಳಗಿನ ಊರನ್ನು ಅಂಟಿಸಿದರು:
ನೀರಿರುವಲ್ಲಿ ನೀಲಿ, ಚರಂಡಿ ಇರುವಲ್ಲಿ ಕೆಂಪು,
ಕಾಗದದಲ್ಲಷ್ಟೇ ಇರುವುದಕ್ಕೆ ಚುಕ್ಕಿ.
ಕಡತಗಳ ನಂಬರೂ ಅಲ್ಲೇ,
ಯಾರ ಮೇಜಲ್ಲಿ ಎಷ್ಟು ದಿನ, ಹೆಸರು ಸಮೇತ.

'ಅನ್ನಕ್ಕೆ ಕಲ್ಲು ಹಾಕುದ್ಲು ಕಣ್ಲಾ' ಅಂದ ಗವಿರಂಗ,
ನನ್ನ ಜೊತೆಯವನು, ನನ್ನದೇ ಕಸುಬು.
ನಾನೂ ಹೋಗಿ ನಿಂತೆ.
ಇಪ್ಪತ್ತು ವರ್ಷ ಬೈಕಲ್ಲಿ ಸುತ್ತಿದ ಊರು,
ಕೆಳಗಿನಿಂದ ನೋಡಿರಲಿಲ್ಲ.
ನಮ್ಮ ಬಡಾವಣೆಯೆಲ್ಲ ಚುಕ್ಕಿ.
ರಂಗೋಲಿಗೆ ಚುಕ್ಕಿ ಇಟ್ಟ ಯಾರೋ
ಗೆರೆ ಎಳೆಯೋದು ಮರೆತು ಎದ್ದು ಹೋದ ಹಾಗೆ.
ಕೊನೆಯ ಕೆಂಪು ಗೆರೆಗೂ ನಮ್ಮ ಮುಚ್ಚಳಕ್ಕೂ ನಡುವೆ
ಮುನ್ನೂರ ನಲವತ್ತು ಮೀಟರು.
ಅಷ್ಟೇ.
ಇಷ್ಟು ವರ್ಷ ನಾನದನ್ನು ತಿಂಗಳಲ್ಲಿ ಅಳೆಯುತ್ತಿದ್ದೆ.

ಆಮೇಲೆ ಗಿರಾಕಿಗಳಿಗೆ ಮೊದಲು ಗೋಡೆ, ನಂತರ ಸೈಟು.
ಆ ವರ್ಷ ಮೂರೇ ರಿಜಿಸ್ಟ್ರಿ.
'ಸತ್ಯಕ್ಕೆ ಎಷ್ಟು ಪರ್ಸೆಂಟು ಕೊಡ್ತಾರಂತೆ?'
ಅಂದಳು ಮಾದಲಾಂಬೆ, ಹಾಲಿನವನ ಬಾಕಿ ಎಣಿಸುತ್ತ.
ಉತ್ತರವಿರಲಿಲ್ಲ. ಆದರೆ ಒಂದು ನೋಡಿದೆ:
ನೀಲಿ ಗೆರೆ ದಾಟಿದ ಕಡೆ
ನಾನು ಬಾಯಿ ಬಿಡದೆಯೂ ಸೈಟು ಹೋಗುತ್ತಿತ್ತು.

ಅರ್ಜಿ ಬರೆದೆವು, ಹದಿನಾರು ಜನ ಬ್ರೋಕರುಗಳು,
ನಮ್ಮ ಜನ್ಮದಲ್ಲಿ ಮೊದಲ ಸಲ
ಒಂದೇ ಕಾಗದಕ್ಕೆ, ಕಮಿಷನ್ ಇಲ್ಲದೆ.
ಕೊನೆಯ ಸಹಿ ಗವಿರಂಗನದು,
ಸಹಿಗಿಂತ ಬೈಗುಳ ಉದ್ದ.

ಹೋದ ವಾರ ಅಗೆತ ಶುರುವಾಯಿತು.
ಟೀಚರಿಗೆ ಫೋನು ಮಾಡಿದೆ.
ಕೇಳಿಸಿಕೊಂಡರು, ಸ್ವಲ್ಪ ಹೊತ್ತು ಸುಮ್ಮನಿದ್ದರು.
'ಅಗೆದ ದಿನ ಹೇಳಬೇಡಿ. ಮುಚ್ಚಿದ ದಿನ ಹೇಳಿ.'

ಇವತ್ತು ಬಂದಿದ್ದರು ಗಂಡ ಹೆಂಡತಿ,
ಮಂಡಿಮೊಹಲ್ಲಾದಲ್ಲಿ ಬಾಡಿಗೆಗಿದ್ದಾರಂತೆ.
ಕಾರ್ನರ್ ಸೈಟು ಹಿಡಿಸಿತು. ನೀರು ಯಾವಾಗ? ಅಂದರು.
ನಾಲಗೆ ತಾನಾಗಿ 'ಆರೇ' ತನಕ ಹೋಗಿತ್ತು.
ನುಂಗಿಕೊಂಡೆ.
ಗೊತ್ತಿಲ್ಲ ಅಂದೆ. ಬನ್ನಿ, ಐದೂವರೆ ತನಕ ಕಚೇರಿ ತೆರೆದಿರುತ್ತೆ.

ಹೊರಡುವ ಮೊದಲು ಬಾಟ್ಲಿಗಳನ್ನು
ಸ್ವಲ್ಪ ಎಡಕ್ಕೆ ಸರಿಸಿದೆ.
ಮಾರ್ಚಿಗೆ ಮತ್ತೆ ಆರು ತಿಂಗಳು.
ಆರನೆಯದಕ್ಕೆ ಜಾಗ ಬೇಕಾಗಬಹುದು.